ಮಳೆಗಾಲದ ಕೊಡಗು: ಹೋಗಿ ಬಂದವರನ್ನು ಕೇಳೋದಾ, ಹೋಂಸ್ಟೇಗೇ ಫೋನ್ ಮಾಡೋದಾ?

ದಾವಣಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯಲ್ಲಿ ಕೊಡಗಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನನ್ನ ಹೆಂಡತಿ, ಒಂದನೇ ಕ್ಲಾಸಿನ ಮಗ, ಜೊತೆಗೆ ಅಮ್ಮ. ಅಮ್ಮನಿಗೆ ಹೋದ ವರ್ಷ ಮೊಣಕಾಲಿನ ಆಪರೇಷನ್ ಆಗಿದೆ. ನಡೆಯುತ್ತಾರೆ, ಮೆಟ್ಟಿಲು ಮಾತ್ರ ಕಷ್ಟ. ಸ್ವಂತ ಕಾರಿದೆ. ಮಡಿಕೇರಿ ಸುತ್ತಮುತ್ತ ಮೂರು ಹೋಂಸ್ಟೇ ಆರಿಸಿ ಇಟ್ಟುಕೊಂಡಿದ್ದೇನೆ. ರಿವ್ಯೂ ಓದಿದರೆ ತಲೆ ಕೆಡುತ್ತೆ. ಒಂದೇ ಜಾಗಕ್ಕೆ ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ಕಾರಿನ ತಳ ಉಜ್ಜಿ ಹಾಳಾಯಿತು ಅಂತಾರೆ. ಸರಿ ಅಂತ ನೇರವಾಗಿ ಫೋನ್ ಮಾಡಿದರೆ ಮೂರೂ ಕಡೆ ಒಂದೇ ಉತ್ತರ: "ಏನೂ ತೊಂದರೆ ಇಲ್ಲ ಸರ್, ಬನ್ನಿ." ಯಾರ ಮಾತು ನಂಬೋದು? ನೀವೆಲ್ಲ ಹೇಗೆ ವಿಚಾರಿಸಿ ಹೊರಡ್ತೀರಿ, ಸ್ವಲ್ಪ ಹೇಳಿ.

ಮೈಸೂರಿನಿಂದ

ಸರ್, "ತೊಂದರೆ ಇದೆಯಾ" ಅಂತ ಕೇಳಿದರೆ "ಇಲ್ಲ" ಅಂತಲೇ ಬರುತ್ತೆ. ಅವರು ಸುಳ್ಳು ಹೇಳ್ತಾರೆ ಅಂತಲ್ಲ. ದಿನಾ ಆ ಮೆಟ್ಟಿಲು ಹತ್ತಿ ಇಳಿಯುವವರಿಗೆ ಅದು ಮೆಟ್ಟಿಲು ಅಂತಲೇ ಅನಿಸಲ್ಲ. ಕೊಡಗಿನಲ್ಲಿ ಮನೆಗಳು ಇಳಿಜಾರಲ್ಲಿ ಇರೋದು ಜಾಸ್ತಿ, ಕಾರು ಮೇಲೆ ನಿಲ್ಲುತ್ತೆ, ರೂಮು ಕೆಳಗೆ ಇರುತ್ತೆ, ಅಥವಾ ಉಲ್ಟಾ. ನಾವು ಅತ್ತೆಯವರನ್ನು ಕರೆದುಕೊಂಡು ಹೋಗೋದರಿಂದ ಎಣಿಸಿ ಹೇಳಲೇಬೇಕಾದ ಪ್ರಶ್ನೆ ಕೇಳ್ತೀವಿ. ಕಾರು ನಿಲ್ಲುವ ಜಾಗದಿಂದ ರೂಮಿನ ಬಾಗಿಲ ತನಕ ಎಷ್ಟು ಮೆಟ್ಟಿಲು? ಹಿಡಿದುಕೊಳ್ಳೋಕೆ ಕಂಬಿ ಇದೆಯಾ? ರೂಮಿನಿಂದ ಊಟದ ಜಾಗಕ್ಕೆ ಮತ್ತೆ ಇಳಿಯಬೇಕಾ, ಅಲ್ಲಿಗೆ ಮೇಲೆ ಶೀಟು ಇದೆಯಾ ಅಥವಾ ಕೊಡೆ ಹಿಡಿದು ಹೋಗಬೇಕಾ? ಬಾತ್‌ರೂಮ್ ನೆಲ ಜಾರುತ್ತಾ, ಕಮೋಡ್ ಪಕ್ಕ ಹಿಡಿಕೆ ಇದೆಯಾ? ಇಷ್ಟು ಕೇಳಿದ ಮೇಲೆ "ಕಾರಿನಿಂದ ರೂಮಿನ ತನಕ ನಡೆಯುತ್ತಾ ಒಂದು ವಿಡಿಯೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸ್ತೀರಾ" ಅಂತ ಕೇಳಿ. ಕಳಿಸುವವರು ಐದು ನಿಮಿಷದಲ್ಲಿ ಕಳಿಸ್ತಾರೆ. "ಫೋಟೋ ವೆಬ್‌ಸೈಟ್‌ನಲ್ಲಿದೆ ನೋಡಿ" ಅಂದವರನ್ನು ನಾವು ಅಲ್ಲಿಗೇ ಬಿಡ್ತೀವಿ.

ಈ ಥರದ್ದನ್ನು ಹೋಗಿ ಬಂದವರಲ್ಲಿ ಕೇಳಿ ಲಾಭ ಇಲ್ಲ. ಅವರಿಗೆ ಬೇರೆ ರೂಮು ಕೊಟ್ಟಿರ್ತಾರೆ, ಮೆಟ್ಟಿಲು ಯಾರೂ ಎಣಿಸಿರಲ್ಲ.

ಎಲ್ಲಿ ಸುತ್ತಬೇಕು ಅನ್ನೋದನ್ನು ಮಾತ್ರ ಹೋಗಿ ಬಂದವರನ್ನೇ ಕೇಳಿ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು ಮಾಡಿಕೊಡ್ತೀವಿ ಅಂತ ಎಲ್ಲ ಕಡೆ ಹೇಳ್ತಾರೆ, ಮಾಡಿಯೂ ಕೊಡ್ತಾರೆ. ಆದರೆ ಆ ಜೀಪಿನಲ್ಲಿ ಕೂತು ಬಂದವರು ಸೊಂಟ ಹಿಡಿದುಕೊಂಡು ಏನು ಹೇಳ್ತಾರೆ ಕೇಳಿ ನೋಡಿ. ಮೊಣಕಾಲಿನ ಆಪರೇಷನ್ ಆದವರಿಗೆ ಅದು ಖಂಡಿತ ಬೇಡ. ಜುಲೈನಲ್ಲಿ ಮೇಲೆ ಹೋದರೂ ಮಂಜು ಬಿಟ್ಟು ಬೇರೇನೂ ಕಾಣದೆ ಇಳಿದು ಬರುವವರೇ ಹೆಚ್ಚು. ಅಬ್ಬಿ ಜಲಪಾತ ಆಗ ತುಂಬಿ ಸುರಿಯುತ್ತೆ, ನೋಡಬೇಕು, ಆದರೆ ಅದಕ್ಕೂ ಮೆಟ್ಟಿಲು ಇಳಿಯಬೇಕು. ಅಮ್ಮನಿಗೆ ರಾಜಾಸೀಟು, ಕೋಟೆ ಹತ್ತಿರದ ಓಂಕಾರೇಶ್ವರ ದೇವಸ್ಥಾನ, ಕುಶಾಲನಗರದ ಪಕ್ಕ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಸಾಕು. ಬೈಲಕುಪ್ಪೆಯಲ್ಲಿ ಮಳೆ ಬಂದರೂ ಒಳಗೆ ಕೂತು ಆ ದೊಡ್ಡ ಬುದ್ಧನ ಮೂರ್ತಿಗಳನ್ನು ನೋಡುತ್ತಾ ಇರಬಹುದು.

ಬೆಂಗಳೂರಿನಿಂದ

ಹೋಟೆಲ್‌ನವರನ್ನು ಕೇಳಲೇಬೇಡಿ ಅಂತೀನಿ. ನಾವು ಇಂಥದ್ದೇ ಮಳೆಗಾಲದಲ್ಲಿ ಹೋಗಿದ್ದೆವು. ಮಗಳಿಗೆ ದುಬಾರೆ ಆನೆ ನೋಡೋ ಆಸೆ. ರೂಮು ಬುಕ್ ಮಾಡುವಾಗಲೇ ಕೇಳಿದ್ದೆ, ದುಬಾರೆ ಎಷ್ಟು ದೂರ ಅಂತ. "ಹತ್ತಿರಾನೇ ಸರ್, ಅರ್ಧ ಗಂಟೆ" ಅಂದರು. ನಿಜ, ಅರ್ಧ ಗಂಟೆಯೇ. ಹೋಗಿ ನೋಡಿದರೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದೆ, ದೋಣಿ ನಿಲ್ಲಿಸಿದ್ದಾರೆ, ಆನೆಗಳು ಆಚೆ ದಡದಲ್ಲಿ. ಮಗಳ ಅಳು ನಿಲ್ಲಿಸೋಕೆ ಕುಶಾಲನಗರಕ್ಕೆ ಹೋಗಿ ಐಸ್‌ಕ್ರೀಮ್ ಕೊಡಿಸಬೇಕಾಯಿತು. ಅದೇ ವಾರ ಅಲ್ಲಿಗೆ ಹೋಗಿದ್ದ ಯಾರಿಗಾದರೂ ಕೇಳಿದ್ದರೆ ಒಂದೇ ಸಾಲಲ್ಲಿ ಗೊತ್ತಾಗುತ್ತಿತ್ತು. ರೂಮು ತುಂಬಿಸಿಕೊಳ್ಳಬೇಕಾದವರು ನಿಮ್ಮ ಪ್ರವಾಸ ಕೆಡುವ ಮಾತು ತಾವಾಗಿ ಯಾಕೆ ಹೇಳ್ತಾರೆ, ಅಲ್ವಾ?

ಕೊಡಗಿನಿಂದ, ಹೋಂಸ್ಟೇ ನಡೆಸುವವರು

ಮೇಲಿನ ಬೆಂಗಳೂರಿನ ಸರ್‌ಗೆ ಮೊದಲು ಹೇಳ್ತೇನೆ. ದೂರ ಎಷ್ಟು ಅಂತ ಕೇಳಿದಿರಿ, ದೂರ ಹೇಳಿದ್ದಾರೆ. "ಈಗ ದೋಣಿ ಬಿಡ್ತಾ ಇದ್ದಾರಾ" ಅಂತ ಕೇಳಿದ್ದರೆ ಅವರು ಅಲ್ಲಿನ ಯಾರಿಗಾದರೂ ಫೋನ್ ಮಾಡಿ ತಿಳಿಸ್ತಿದ್ದರು. ನಿಮಗೆ ಬೇಜಾರಾದದ್ದು ಅರ್ಥ ಆಗುತ್ತೆ, ಆದರೂ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ.

ನಮ್ಮದು ತೋಟದ ಮನೆ, ಅತಿಥಿಗಳಿಗೆ ಎರಡು ರೂಮು ಇಟ್ಟಿದ್ದೇವೆ, ಅಡುಗೆ ನಮ್ಮದೇ. ಮಳೆಗಾಲದಲ್ಲಿ ಫೋನ್ ಮಾಡಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಅರ್ಧ ಜನ ಮತ್ತೆ ಫೋನ್ ಮಾಡೋದೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಗಾಳಿ ಬೀಸಿ ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಗುತ್ತೆ. ಟೌನಿನಲ್ಲಿ ಬೇಗ ಬರಬಹುದು, ತೋಟದ ಕಡೆ ಇವತ್ತು ಹೋದದ್ದು ನಾಳೆ ಬಂದರೂ ಬಂತು, ನಾಡಿದ್ದು ಬಂದರೂ ಬಂತು. ಆದ್ದರಿಂದ "ಕರೆಂಟ್ ಇದೆಯಾ" ಅಂತ ಕೇಳಬೇಡಿ. ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಏನೇನು ನಡೆಯುತ್ತೆ, ಜನರೇಟರ್ ಇದೆಯಾ, ಅದನ್ನು ದಿನಕ್ಕೆ ಎಷ್ಟು ಹೊತ್ತು ಹಾಕ್ತೀರಿ, ಸ್ನಾನಕ್ಕೆ ಬಿಸಿನೀರು ಗೀಸರ್‌ದ್ದಾ ಸೌದೆ ಒಲೆಯದ್ದಾ ಅಂತ ಕೇಳಿ. ಸೌದೆ ಒಲೆ ಇದ್ದರೆ ಮಳೆಗಾಲದಲ್ಲಿ ಅದೇ ಒಳ್ಳೆಯದು. ಯುಪಿಎಸ್‌ನಲ್ಲಿ ಗೀಸರ್ ಓಡಲ್ಲ.

ಮೊಬೈಲ್ ಸಿಗ್ನಲ್ ವಿಷಯವೂ ಹಾಗೇ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗೋದು ಕಷ್ಟ. ನಿಮ್ಮ ಸಿಮ್ ಯಾವುದು ಅಂತ ಹೇಳಿ ಕೇಳಿ. ಕಾರು ಯಾವುದು ಅಂತಲೂ ಹೇಳಿ. ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ರಸ್ತೆ ಆಗಿದ್ದರೆ, ಕೆಳಗೆ ತಾಗುವ ಸಣ್ಣ ಕಾರಾದರೆ, ನಾವೇ ಮೇನ್ ರೋಡಿನಲ್ಲಿ ಕಾರು ನಿಲ್ಲಿಸೋಕೆ ಹೇಳಿ ಜೀಪಿನಲ್ಲಿ ಕರೆದುಕೊಂಡು ಬರ್ತೇವೆ. ಕಾರಿನ ತಳ ಉಜ್ಜಿತು ಅಂತ ರಿವ್ಯೂ ಬರೆದವರು ಬಹುಶಃ ಇದನ್ನು ಕೇಳದೆ ಮ್ಯಾಪ್ ಹಾಕಿಕೊಂಡು ನೇರ ಇಳಿದವರು.

ಇನ್ನೊಂದು ವಿಷಯ. ಫೋನ್ ಎತ್ತಲಿಲ್ಲ ಅಂತ ಒಂದು ಸ್ಟಾರ್ ಹಾಕುವವರೂ ಇದ್ದಾರೆ. ಜುಲೈ, ಆಗಸ್ಟ್ ನಮಗೆ ಗದ್ದೆ ನಾಟಿಯ ಸಮಯ. ಹಗಲೆಲ್ಲ ಗದ್ದೆಯಲ್ಲಿ ಇರ್ತೇವೆ, ಫೋನ್ ಮನೆಯೊಳಗೆ ಇರುತ್ತೆ. ಸಂಜೆ ಕತ್ತಲಾದ ಮೇಲೆ ಮಾಡಿ, ಆಗ ಕೂತು ಮಾತಾಡೋಕೆ ನಮಗೂ ಪುರುಸೊತ್ತು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. ಆಗಿರುವವರಿಗೆ ಆ ಪ್ರಶ್ನೆಯಿಂದ ಬೇಜಾರಿಲ್ಲ. ಕೊನೆಗೆ, ಮಳೆ ಜೋರಾಗಿ ಜಿಲ್ಲಾಡಳಿತ ಪ್ರವಾಸಿಗರು ಬರಬೇಡಿ ಅಂದರೆ ಅಡ್ವಾನ್ಸ್ ವಾಪಸ್ಸಾ, ಬೇರೆ ತಾರೀಕಿಗೆ ಹಾಕ್ತೀರಾ ಅನ್ನೋದನ್ನು ದುಡ್ಡು ಕಳಿಸುವ ಮುಂಚೆ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಹೊಸಪೇಟೆಯಿಂದ

ಹೋಗಿ ಬಂದವರ ಮಾತಿಗೂ ತಾರೀಕು ಇರುತ್ತೆ, ಅದನ್ನು ಯಾರೂ ನೋಡಲ್ಲ. ನಮ್ಮ ಹಂಪಿಯದೇ ಉದಾಹರಣೆ ಕೊಡ್ತೀನಿ. ನದಿ ಆಚೆ ವಿರೂಪಾಪುರ ಗಡ್ಡೆ ಅಂತ ಇದೆಯಲ್ಲ, ಅಲ್ಲಿ ಗುಡಿಸಲು ಥರದ ರೆಸಾರ್ಟ್‌ಗಳು, ಜೋಕಾಲಿ ಕಟ್ಟಿದ ಹೋಟೆಲ್‌ಗಳು ಬೇಕಾದಷ್ಟಿದ್ದವು. ವಿದೇಶಿಯರು ತಿಂಗಳುಗಟ್ಟಲೆ ಇರುತ್ತಿದ್ದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅವನ್ನೆಲ್ಲ ಕೆಡವಿದರು. ಅಷ್ಟಾದರೂ ಅಂತರ್ಜಾಲದಲ್ಲಿ "ನದಿ ದಾಟಿ ಗಡ್ಡೆಯಲ್ಲೇ ಉಳಿಯಿರಿ, ಸೂರ್ಯಾಸ್ತ ಸೂಪರ್" ಅಂತ ಬರೆದದ್ದು ಹಾಗೇ ಇದೆ. ಅದನ್ನು ಓದಿಕೊಂಡು ಬಂದು ಇಲ್ಲಿ ಆಟೋದವರನ್ನು ಕೇಳುವವರು ಇದ್ದಾರೆ. ಬರೆದವರು ಸುಳ್ಳು ಬರೆದಿಲ್ಲ, ಅವರು ಬಂದಾಗ ಅದು ಇತ್ತು.

ಹೋದ ತಿಂಗಳು ಬೇರೆ ಆದರೂ ಹೀಗೇ ಆಗುತ್ತೆ. ಡಿಸೆಂಬರ್‌ನಲ್ಲಿ ಬಂದವರು ಇಡೀ ದಿನ ಸೈಕಲ್ ಬಾಡಿಗೆ ತಗೊಂಡು ಸುತ್ತಿ ಅಂತ ಬರೀತಾರೆ. ಅದನ್ನು ನಂಬಿ ಏಪ್ರಿಲ್‌ನಲ್ಲಿ ಬಂದವರು ಹನ್ನೊಂದು ಗಂಟೆಗೆಲ್ಲ ಬಂಡೆ ಕಾದು, ನೆರಳು ಹುಡುಕಿಕೊಂಡು ಕೂತು, ಹಂಪಿಗೆ ಬರಲೇಬೇಡಿ ಅಂತ ಬರೀತಾರೆ. ಒಂದೇ ಊರು, ಇಬ್ಬರದೂ ನಿಜ. ಹಾಗಾಗಿ ನಿಮ್ಮ ಕೊಡಗಿನ ರಿವ್ಯೂಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬರೆದದ್ದನ್ನು ಮಾತ್ರ ಬೇರೆ ಮಾಡಿ ಓದಿ. ಆ ಸ್ವರ್ಗ ಅಂದವರು ನವೆಂಬರ್‌ನವರು ಅಂತ ನನ್ನ ಅಂದಾಜು.

ಮತ್ತೆ ಇನ್ನೊಂದು. ಅಷ್ಟು ದುಡ್ಡು ಸುರಿದು, ಆಫೀಸಿಗೆ ರಜೆ ಹಾಕಿ ಹೋಗಿ ಬಂದವರು ಚೆನ್ನಾಗಿರಲಿಲ್ಲ ಅಂತ ಒಪ್ಪಿಕೊಳ್ಳೋದು ಕಡಿಮೆ. "ಹೇಗಿತ್ತು" ಅಂತ ಕೇಳಿದರೆ "ಸೂಪರ್" ಅಂತಾರೆ. "ಇನ್ನೊಂದು ಸಲ ಹೋದರೆ ಏನು ಬಿಡ್ತೀರಿ" ಅಂತ ಕೇಳಿ. ಆಗ ಬಾಯಿ ಬಿಡ್ತಾರೆ.

ಹಾಸನದಿಂದ, ಟ್ಯಾಕ್ಸಿ ಓಡಿಸುವವನು

ರಸ್ತೆ ವಿಷಯಕ್ಕೆ ಇಬ್ಬರನ್ನೂ ನಂಬಬೇಡಿ ಸರ್. ಹೋಂಸ್ಟೇಯವರಿಗೆ ಅವರ ಮನೆ ಮುಂದಿನ ರಸ್ತೆ ಗೊತ್ತು. ಹೋದ ತಿಂಗಳು ಬಂದವರಿಗೆ ಹೋದ ತಿಂಗಳಿನ ರಸ್ತೆ ಗೊತ್ತು. ಮಳೆಗಾಲದಲ್ಲಿ ರಾತ್ರಿ ಸರಿ ಇದ್ದ ರಸ್ತೆ ಬೆಳಗ್ಗೆ ಮರ ಬಿದ್ದು ಬಂದ್ ಆಗಿರುತ್ತೆ.

ನಾನು ಮಾಡೋದು ಇಷ್ಟೇ. ಬೆಳಗ್ಗೆ ಹೊರಡುವ ಮುಂಚೆ ಬಸ್ ಸ್ಟ್ಯಾಂಡಿಗೆ ಹೋಗಿ ಆ ಕಡೆಯಿಂದ ಈಗ ತಾನೇ ಬಂದ ಕೆಎಸ್‌ಆರ್‌ಟಿಸಿ ಬಸ್ಸಿನ ಡ್ರೈವರ್‌ನ ಕೇಳ್ತೀನಿ. ಬಸ್ಸು ಬಂದಿದೆ ಅಂದರೆ ರಸ್ತೆ ಇದೆ ಅಂತ ಅರ್ಥ. ಬಸ್ಸು ಸುತ್ತಿಕೊಂಡು ಬಂದಿದ್ದರೆ ಯಾಕೆ ಅಂತ ಅವರೇ ಹೇಳ್ತಾರೆ. ಬಸ್ ಸ್ಟ್ಯಾಂಡ್ ದೂರ ಆದರೆ ಪೆಟ್ರೋಲ್ ಬಂಕಿನಲ್ಲಿ ಲೋಡ್ ಗಾಡಿಯವರನ್ನು ಕೇಳಿ. ಅಷ್ಟೇ.

ನೀವು ದಾವಣಗೆರೆಯಿಂದ ಹಾಸನಕ್ಕೆ ಹೇಗಾದರೂ ಬನ್ನಿ, ಅಲ್ಲಿಂದ ಅರಕಲಗೂಡು, ಕೊಣನೂರು ಮೇಲೆ ಕುಶಾಲನಗರ, ಆಮೇಲೆ ಮಡಿಕೇರಿ ಏರು. ಈ ದಾರಿಯಲ್ಲಿ ಶಿರಾಡಿ ಘಾಟಿಯೂ ಬರಲ್ಲ, ಚಾರ್ಮಾಡಿಯೂ ಬರಲ್ಲ. ಮಳೆಗಾಲದಲ್ಲಿ "ಘಾಟಿ ಕುಸಿದಿದೆ, ಹೋಗಬೇಡಿ" ಅಂತ ನಿಮ್ಮ ನೆಂಟರು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿಯೇ ಕಳಿಸ್ತಾರೆ. ಯಾವ ಘಾಟಿ ಅಂತ ಮೊದಲು ನೋಡಿ, ಆಮೇಲೆ ಹೆದರಿಕೊಳ್ಳಿ. ಮಡಿಕೇರಿಯಿಂದ ಮುಂದೆ ಮಂಗಳೂರು ಕಡೆ ಇಳಿಯೋ ಯೋಚನೆ ಇದ್ದರೆ ಮಾತ್ರ ಸಂಪಾಜೆ ರಸ್ತೆ ಬಗ್ಗೆ ದಿನಾ ವಿಚಾರಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು, ಗೊತ್ತಿರಬಹುದು.

ಬಂಡೀಪುರ ಇನ್ನೊಂದು. ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಕಾಡಿನ ರಸ್ತೆಗೆ ಗೇಟ್ ಹಾಕ್ತಾರೆ, 2009ರಿಂದಲೂ ಹೀಗೇ ಇದೆ. ಆದರೂ ಊಟಿ ಕಡೆಯಿಂದ ಹೊರಡುವಾಗ ಹೋಟೆಲ್‌ನವರು ಯಾರೂ ಹೇಳಲಿಲ್ಲ ಅಂತ ಗಿರಾಕಿಗಳು ನನ್ನ ಹತ್ತಿರ ಕೂಗಾಡ್ತಾರೆ. ಹೋಟೆಲ್‌ನವರಿಗೆ ನೀವು ಸಂಜೆ ಎಷ್ಟಕ್ಕೆ ಹೊರಡ್ತೀರಿ, ಯಾವ ದಾರಿ ಹಿಡೀತೀರಿ ಅಂತ ಗೊತ್ತಿದ್ದರೆ ತಾನೇ?

ಶಿವಮೊಗ್ಗದಿಂದ

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಾವು ಸಸ್ಯಾಹಾರಿಗಳು. ಒಂದು ಕಡೆ "ವೆಜ್ ಸಿಗುತ್ತಾ" ಅಂತ ಕೇಳಿದ್ದಕ್ಕೆ "ಸಿಗುತ್ತೆ ಮೇಡಂ" ಅಂದರು. ಹೋದಾಗ ಸಿಕ್ಕಿದ್ದು ಅನ್ನ, ಸಾರು, ಹಪ್ಪಳ, ಮೂರು ಹೊತ್ತೂ ಅದೇ. ಈಗ ಕೇಳುವ ರೀತಿ ಬದಲಾಯಿಸಿದ್ದೀನಿ. "ರಾತ್ರಿಗೆ ಏನು ಮಾಡ್ತೀರಿ, ಬೆಳಗ್ಗೆ ಏನು ಮಾಡ್ತೀರಿ" ಅಂತ ಕೇಳ್ತೀನಿ. ನೂಲ್‌ಪುಟ್ಟು ಮಾಡ್ತೀವಿ, ಕಣಿಲೆ ಪಲ್ಯ ಮಾಡ್ತೀವಿ, ಕಡಂಬುಟ್ಟು ಜೊತೆಗೆ ನಿಮಗೆ ಬೇರೆ ತರಕಾರಿ ಕರಿ ಮಾಡಿಕೊಡ್ತೀವಿ ಅಂತ ಹೆಸರು ಹಿಡಿದು ಹೇಳಿದರೆ ಅಲ್ಲಿ ಅಡುಗೆ ಬಲ್ಲವರು ಇದ್ದಾರೆ ಅಂತ ಧೈರ್ಯ. ಪಂದಿಕರಿ (ಹಂದಿ ಮಾಂಸದ ಅಡುಗೆ) ಮಾಡುವ ಪಾತ್ರೆ ಬೇರೆ ಇಡ್ತೀರಾ ಅಂತ ಕೇಳೋಕೆ ನಾಚಿಕೆ ಪಡಬೇಡಿ. ಕೊಡಗಿನಲ್ಲಿ ಅದು ಮನೆಯ ಹೆಮ್ಮೆಯ ಅಡುಗೆ, ಮುಚ್ಚಿಡೋ ವಿಷಯ ಅಲ್ಲ. ನಯವಾಗಿ ಕೇಳಿದರೆ ನಯವಾಗಿಯೇ ಹೇಳ್ತಾರೆ. ಮಗುವಿಗೆ ರಾತ್ರಿ ಹಾಲು ಎಷ್ಟು ಹೊತ್ತಿನ ತನಕ ಸಿಗುತ್ತೆ, ಇದು ನನ್ನ ಕಡ್ಡಾಯ ಪ್ರಶ್ನೆ.

ಆದರೆ ಜಾಗ ಈಗ ಹೇಗಿದೆ ಅನ್ನೋದಕ್ಕೆ ನಿನ್ನೆ ಹೋದವರ ಫೋಟೋನೇ ಬೇಕು. ಜೋಗ ನಮ್ಮ ಜಿಲ್ಲೆಯ ಗಡಿಯಲ್ಲೇ ಇದೆ, ನೆಂಟರೆಲ್ಲ ನಮಗೇ ಫೋನ್ ಮಾಡೋದು, "ನೀರಿದೆಯಾ?" ಅಂತ. ಲಾಡ್ಜಿಗೆ ಕೇಳಿದರೆ ನೀರಿದೆ ಅಂತಾರೆ, ಎರಡು ಎಳೆ ಇಳಿಯುತ್ತಿದ್ದರೂ ನೀರೇ ತಾನೇ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರೋದರಿಂದ ಶಿವಮೊಗ್ಗದಲ್ಲಿ ಎಷ್ಟೇ ಮಳೆ ಬಂದರೂ ಜೋಗ ತುಂಬಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಅಣೆಕಟ್ಟು ತುಂಬಿ ಗೇಟ್ ತೆಗೆದಾಗ ಅದರ ಕಥೆಯೇ ಬೇರೆ. ಅದಕ್ಕೆ ನಾವು ಸಾಗರದ ಕಡೆ ಪರಿಚಯದವರಿಗೆ ಹೇಳಿ ಅವತ್ತಿನ ಫೋಟೋ ತರಿಸಿಕೊಂಡು ನೆಂಟರಿಗೆ ಕಳಿಸ್ತೀವಿ. ಒಂದು ಸಲ ಮಂಜಿನ ಫೋಟೋ ಮಾತ್ರ ಬಂತು, ಅದನ್ನೂ ಕಳಿಸಿದೆವು. ಅವರು ಆ ವಾರ ಬರಲಿಲ್ಲ.

ಮೈಸೂರಿನಿಂದ, ಮೊದಲು ಲಾಡ್ಜಿನ ರಿಸೆಪ್ಷನ್‌ನಲ್ಲಿದ್ದವರು

ಒಳಗಿನ ಮಾತು ಸ್ವಲ್ಪ ಹೇಳ್ತೀನಿ. ದೊಡ್ಡ ಕಂಪನಿಗಳ ಹೋಟೆಲ್ ಆದರೆ ನೀವು ಮಾಡಿದ ಫೋನ್ ಆ ಊರಿನಲ್ಲಿ ರಿಂಗ್ ಆಗುತ್ತೆ ಅಂತ ಏನಿಲ್ಲ. ಬೇರೆ ಯಾವುದೋ ಊರಿನ ಕಾಲ್ ಸೆಂಟರ್‌ನಲ್ಲಿ ಕೂತವರು ಕಂಪ್ಯೂಟರ್ ನೋಡಿ ಹೇಳ್ತಿರ್ತಾರೆ. "ನೀವು ಈಗ ಹೋಟೆಲ್‌ನಲ್ಲೇ ಇದ್ದೀರಾ, ಹೊರಗೆ ಮಳೆ ಬರ್ತಿದೆಯಾ?" ಅಂತ ಕೇಳಿ. ತಡವರಿಸಿದರೆ ಅಲ್ಲಿಲ್ಲ ಅಂತ ಅರ್ಥ. ಆಗ ಹೋಟೆಲ್‌ನ ರಿಸೆಪ್ಷನ್‌ಗೆ ಕನೆಕ್ಟ್ ಮಾಡಿ ಅಂತ ಹೇಳಿ, ಮಾಡ್ತಾರೆ.

ಮಧ್ಯಾಹ್ನ ಹನ್ನೆರಡರ ಸುತ್ತ ಮಾಡಬೇಡಿ. ಖಾಲಿ ಮಾಡುವವರು, ಹೊಸದಾಗಿ ಬರುವವರು ಎಲ್ಲ ಕೌಂಟರ್ ಮುಂದೆ ನಿಂತಿರ್ತಾರೆ, ನಾವು ಎಲ್ಲದಕ್ಕೂ "ಹೌದು ಸರ್" ಅಂದು ಫೋನ್ ಇಡ್ತಿದ್ವಿ. ಬುಕಿಂಗ್ ಆಪ್‌ಗಳಿಗೆ ಕಮಿಷನ್ ಹೋಗುತ್ತೆ, ಹಾಗಾಗಿ ನೇರವಾಗಿ ಮಾತಾಡಿದರೆ ಬಾಡಿಗೆ ಸ್ವಲ್ಪ ಕಡಿಮೆ ಮಾಡಬಹುದು, ಇಲ್ಲದಿದ್ದರೆ ತಿಂಡಿಯನ್ನಾದರೂ ಸೇರಿಸಬಹುದು. ಜಿಎಸ್‌ಟಿ ಸೇರಿ ಒಟ್ಟು ಎಷ್ಟು ಅಂತ ಕೇಳಿ. ದಸರಾ ಹೊತ್ತಲ್ಲಿ ಮಾತ್ರ ಚೌಕಾಸಿ ನಡೆಯಲ್ಲ ಬಿಡಿ.

ಇದೆಲ್ಲಕ್ಕಿಂತ ದೊಡ್ಡ ವಿಷಯ ನಂಬರ್. "ನೇರವಾಗಿ ಹೋಟೆಲ್‌ಗೆ ಫೋನ್ ಮಾಡಿ" ಅಂತ ಸುಲಭವಾಗಿ ಹೇಳ್ತೀವಿ, ಆದರೆ ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ನಂಬರ್ ಹೋಟೆಲ್‌ನದೇ ಅಂತ ಏನು ಗ್ಯಾರಂಟಿ? ಹೋಟೆಲ್‌ಗಳ ಹೆಸರಲ್ಲಿ, ಯಾತ್ರಾಸ್ಥಳಗಳ ವಸತಿಗೃಹಗಳ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ ಅಡ್ವಾನ್ಸ್ ಹಾಕಿಸಿಕೊಂಡು ಮಾಯ ಆಗುವವರು ಇದ್ದಾರೆ. ಅದಕ್ಕೇ ನನ್ನ ಪ್ರಕಾರ ಹೋಗಿ ಬಂದವರಿಂದ ಪಡೆಯಬೇಕಾದ ಮೊದಲ ಮಾಹಿತಿ ಅಂದರೆ ಬಿಲ್‌ನ ಮೇಲಿರುವ ನಂಬರ್. ಬಿಲ್ ಇಲ್ಲದಿದ್ದರೆ ಅವರು ಅಲ್ಲಿಗೆ ಫೋನ್ ಮಾಡಿ ಮಾತಾಡಿದ ನಂಬರ್. ಯುಪಿಐನಲ್ಲಿ ದುಡ್ಡು ಹಾಕುವಾಗ ಬರುವ ಹೆಸರು ಯಾರದೋ ಆಗಿದ್ದರೆ ಅಲ್ಲೇ ನಿಲ್ಲಿಸಿ, ಕೇಳಿ. ಇಡೀ ಬಾಡಿಗೆ ಮುಂಗಡ ಕೊಟ್ಟರೆ ಅರ್ಧ ಬೆಲೆ ಅಂದರೂ ನಿಲ್ಲಿಸಿ.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮೂರೂ ಕಡೆ ಮತ್ತೆ ಫೋನ್ ಮಾಡಿದೆ, ಈ ಸಲ ನಿಮ್ಮ ಪ್ರಶ್ನೆಗಳನ್ನು ಎದುರಿಗೆ ಇಟ್ಟುಕೊಂಡು. ಮೊದಲನೆಯವರು ಮೆಟ್ಟಿಲು ಅಂದ ಕೂಡಲೇ "ಅಮ್ಮನವರನ್ನು ನಾವೇ ಹಿಡಿದುಕೊಂಡು ಕರೆದುಕೊಂಡು ಹೋಗ್ತೀವಿ ಸರ್" ಅಂದರು. ಒಳ್ಳೆಯ ಮನಸ್ಸಿನವರೇ, ಆದರೆ ದಿನಕ್ಕೆ ನಾಲ್ಕು ಸಲ ಯಾರು ಹಿಡೀತಾರೆ? ಎರಡನೆಯವರು ವಿಡಿಯೋ ಕಳಿಸ್ತೀವಿ ಅಂದವರು ಇನ್ನೂ ಕಳಿಸಿಲ್ಲ. ಮೂರನೆಯವರು ವಿಡಿಯೋ ಕಳಿಸಿದರು. ನಾನು ನೋಡಿಟ್ಟಿದ್ದ ರೂಮು ಮಹಡಿ ಮೇಲಿನದು, ಕೆಳಗೆ ಅವರ ಮನೆಗೆ ಅಂಟಿಕೊಂಡೇ ಇನ್ನೊಂದು ರೂಮಿದೆಯಂತೆ, ಅದು ಆಪ್‌ನಲ್ಲಿ ಹಾಕಿಯೇ ಇಲ್ಲ. ಕಿಟಕಿಯಿಂದ ಬೆಟ್ಟ ಕಾಣಲ್ಲ, ಕೊಟ್ಟಿಗೆ ಕಾಣುತ್ತೆ ಅಂತ ಅವರೇ ಹೇಳಿದರು. ಅಮ್ಮನಿಗೆ ಹಸು ಕಂಡರೆ ಬೆಟ್ಟಕ್ಕಿಂತ ಖುಷಿ. ಅದನ್ನೇ ಹಿಡಿದೆ. ಮಳೆ ಜೋರಾಗಿ ಬರೋಕಾಗದಿದ್ದರೆ ಸೆಪ್ಟೆಂಬರ್‌ಗೆ ಹಾಕಿಕೊಡ್ತೀವಿ ಅಂತ ಮೆಸೇಜ್ ಕೂಡ ಬಂದಿದೆ.

ಒಂದೇ ಒಂದು ಉಳಿಯಿತು. ಜಿಗಣೆ ಇದೆಯಾ ಅಂತ ಕೇಳಿದ್ದಕ್ಕೆ "ಅಷ್ಟೇನಿಲ್ಲ ಸರ್" ಅಂದರು. ಅಷ್ಟೇನಿಲ್ಲ ಅಂದರೆ ಎಷ್ಟು?

ಕೊಡಗಿನಿಂದ, ಹೋಂಸ್ಟೇ ನಡೆಸುವವರು

ಇರುತ್ತೆ ಸರ್. ಜುಲೈನಲ್ಲಿ ತೋಟದೊಳಗೆ ಕಾಲಿಟ್ಟರೆ ಹತ್ತಿಯೇ ಹತ್ತುತ್ತೆ, ಅಂಗಳದಲ್ಲಿ ಕಡಿಮೆ. ಮಗನಿಗೆ ಉದ್ದ ಸಾಕ್ಸ್ ಹಾಕಿಸಿ, ಪ್ಯಾಂಟನ್ನು ಅದರೊಳಗೆ ತೂರಿಸಿ. ಜೇಬಿನಲ್ಲಿ ಒಂದು ಚಿಕ್ಕ ಪೊಟ್ಟಣ ಉಪ್ಪು ಇರಲಿ. ಹತ್ತಿದ್ದನ್ನು ಎಳೆದು ಕೀಳಬೇಡಿ, ಸ್ವಲ್ಪ ಉಪ್ಪು ಹಾಕಿದರೆ ತಾನೇ ಬಿಡುತ್ತೆ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತೆ, ಅದಕ್ಕೆ ಮಗು ಹೆದರಬಾರದು ಅಂತ ಊರಲ್ಲೇ ಹೇಳಿಟ್ಟು ಕರೆದುಕೊಂಡು ಬನ್ನಿ. ಅಮ್ಮ ರಕ್ತ ತೆಳುವಾಗುವ ಮಾತ್ರೆ ಏನಾದರೂ ತಗೊಳ್ತಿದ್ದರೆ ತೋಟದ ಕಡೆ ಹೋಗೋದೇ ಬೇಡ, ಜಗಲಿಯಲ್ಲಿ ಕೂರಲಿ.